ಕ್ವೆರಿ ಬರೆಯದೆ ಡೇಟಾಬೇಸನ್ನು ಕೇಳುವುದು ಹೇಗೆ?

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ದಾಖಲೆ ಎಂದರೆ ಬಹುಕಾಲ ದಪ್ಪ ರಟ್ಟಿನ ರಿಜಿಸ್ಟರು, ರಸೀದಿ ಪುಸ್ತಕ ಮತ್ತು ಇವೆರಡರ ವಿವರವನ್ನೂ ಬಾಯಿಪಾಠ ಮಾಡಿಕೊಂಡಿರುತ್ತಿದ್ದ ಒಬ್ಬ ಹಿರಿಯ ಕಾರ್ಯದರ್ಶಿ. ಈಚಿನ ವರ್ಷಗಳಲ್ಲಿ ಸದಸ್ಯರ ಯಾದಿ, ವಂತಿಗೆ, ವಿದ್ಯಾರ್ಥಿವೇತನ, ಗ್ರಂಥಾಲಯ ಒಂದೊಂದಾಗಿ ಕಂಪ್ಯೂಟರಿಗೆ ಏರುತ್ತಿವೆ. ಹೌಸಿಂಗ್ ಸೊಸೈಟಿ, ಪತ್ತಿನ ಸೊಸೈಟಿ, ಹೋಟೆಲುಗಳ ಕಥೆಯೂ ಇದೇ. ಮಾಹಿತಿ ಒಳಗೆ ಹೋಗುವುದು ಸುಲಭ. ಮಹಾಸಭೆಗೆ ನಾಲ್ಕು ದಿನ ಮೊದಲು ಅಧ್ಯಕ್ಷರು ‘ಕಲ್ಯಾಣ್, ಡೊಂಬಿವಲಿ ಕಡೆಯ ಸದಸ್ಯರಲ್ಲಿ ಈ ವರ್ಷ ವಂತಿಗೆ ಕಟ್ಟದವರು ಯಾರ್‍ಯಾರು?’ ಎಂದು ಕೇಳಿದಾಗ ತೊಡಕು ಶುರುವಾಗುತ್ತದೆ. ಸಾಫ್ಟ್‌ವೇರ್ ಕೊಟ್ಟವರು ಸಿದ್ಧಪಡಿಸಿಟ್ಟ ಐದಾರು ವರದಿಗಳಲ್ಲಿ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ. ‘ಅದಕ್ಕೆ ಕ್ವೆರಿ ಬರೀಬೇಕು ಸರ್’ ಎಂಬ ಮಾತು ಬರುತ್ತದೆ. ಕ್ವೆರಿ ಎಂದರೆ ಡೇಟಾಬೇಸಿಗೆ ಅದರದೇ ಭಾಷೆಯಲ್ಲಿ ಬರೆದು ಕೇಳುವ ಪ್ರಶ್ನೆ. ಅದನ್ನು ಬರೆಯಬಲ್ಲವರು ಸಿಗುವುದಿಲ್ಲ.

ಈ ತೊಡಕಿಗಾಗಿಯೇ ಹುಟ್ಟಿಕೊಂಡ ಒಂದು ಜಾತಿಯ ಉಪಕರಣಗಳಿವೆ. ಅವುಗಳಲ್ಲಿ ಆಜ್ಞೆಗಳನ್ನು ಟೈಪ್ ಮಾಡುವ ಬದಲು ಚೌಕ ತುಂಬಿ, ಗೆರೆ ಎಳೆದು, ಎಳೆಯುವ ಪಟ್ಟಿ (ಸ್ಲೈಡರ್) ಸರಿಸಿ, ಯಾದಿಯಿಂದ ಆರಿಸಿ ಡೇಟಾಬೇಸನ್ನು ಪ್ರಶ್ನಿಸಬಹುದು. ಅವು ಹೇಗೆ ಕೆಲಸ ಮಾಡುತ್ತವೆ, ಯಾವ ಹಂತದಲ್ಲಿ ಉತ್ತರ ಸದ್ದಿಲ್ಲದೆ ತಪ್ಪುತ್ತದೆ ಎಂಬುದನ್ನು ಮೂಲದಿಂದಲೇ ನೋಡೋಣ.

ಟೇಬಲ್‌ಗಳು ಮತ್ತು ಅವುಗಳ ನಂಟು

ಡೇಟಾಬೇಸ್ ಎಂದರೆ ಒಂದಕ್ಕೊಂದು ಹೊಂದಿಕೊಂಡ ಟೇಬಲ್‌ಗಳ ಗುಂಪು. ಒಂದು ಸಂಘದಲ್ಲಿ ಮೂರು ಟೇಬಲ್ ಇವೆಯೆಂದು ಇಟ್ಟುಕೊಳ್ಳಿ. ‘ಸದಸ್ಯರು’ ಟೇಬಲಿನಲ್ಲಿ ಸದಸ್ಯತ್ವ ಸಂಖ್ಯೆ, ಹೆಸರು, ಊರು, ಫೋನು, ಸದಸ್ಯತ್ವದ ಬಗೆ ಇರುತ್ತವೆ. ‘ವಂತಿಗೆ’ ಟೇಬಲಿನಲ್ಲಿ ರಸೀದಿ ಸಂಖ್ಯೆ, ಸದಸ್ಯತ್ವ ಸಂಖ್ಯೆ, ದಿನಾಂಕ, ಮೊತ್ತ ಇರುತ್ತವೆ. ‘ವಿದ್ಯಾರ್ಥಿವೇತನ’ ಟೇಬಲಿನಲ್ಲಿ ಮಗುವಿನ ಹೆಸರು, ತರಗತಿ, ಪೋಷಕರ ಸದಸ್ಯತ್ವ ಸಂಖ್ಯೆ, ಕೊಟ್ಟ ಹಣ ಇರುತ್ತವೆ. ಸದಸ್ಯರ ಹೆಸರು ಮತ್ತು ವಿಳಾಸವನ್ನು ಪ್ರತಿ ರಸೀದಿಯ ಸಾಲಿನಲ್ಲೂ ಮತ್ತೆ ಬರೆಯುವುದಿಲ್ಲ. ಒಬ್ಬರು ಸಾಯನ್‌ನಿಂದ ಠಾಣೆಗೆ ಮನೆ ಬದಲಿಸಿದರೆ ಒಂದೇ ಕಡೆ ತಿದ್ದಿದರೆ ಸಾಕಾಗಬೇಕು ಎಂಬುದು ಇದರ ಉದ್ದೇಶ.

ಮಾಹಿತಿಯನ್ನು ಹೀಗೆ ಟೇಬಲ್‌ಗಳಾಗಿ ಬಿಡಿಸಿಟ್ಟು, ಬೇಕಾದಾಗ ಸಮಾನ ಸಂಖ್ಯೆಯೊಂದರ ಮೂಲಕ ಕೂಡಿಸಿಕೊಳ್ಳುವ ವಿಧಾನವನ್ನು ಐಬಿಎಮ್ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ಇಂದು ಬ್ಯಾಂಕು, ರೈಲ್ವೆ, ಆಸ್ಪತ್ರೆಗಳಲ್ಲಿ ಓಡುತ್ತಿರುವ ಬಹುಪಾಲು ಡೇಟಾಬೇಸ್‌ಗಳು ಈ ತಳಹದಿಯ ಮೇಲೆಯೇ ನಿಂತಿವೆ. ಕೂಡಿಸುವ ಕ್ರಿಯೆಗೆ ಜಾಯಿನ್ ಎನ್ನುತ್ತಾರೆ. ಅಂಧೇರಿಯಿಂದ ಘಾಟ್‌ಕೋಪರ್‌ಗೆ ಲೋಕಲ್‌ನಲ್ಲಿ ಹೋಗುವವರು ದಾದರ್‌ನಲ್ಲಿ ಇಳಿದು ಪಶ್ಚಿಮದ ಹಳಿಯಿಂದ ಮಧ್ಯ ರೈಲ್ವೆಯ ಹಳಿಗೆ ಬದಲಾಯಿಸುವ ಹಾಗೆ, ‘ಸದಸ್ಯರು’ ಟೇಬಲಿನಿಂದ ‘ವಂತಿಗೆ’ ಟೇಬಲಿಗೆ ಹೋಗಬೇಕಾದ ಪ್ರಶ್ನೆ ಸದಸ್ಯತ್ವ ಸಂಖ್ಯೆ ಎಂಬ ನಿಲ್ದಾಣದಲ್ಲಿ ಇಳಿದು ಹತ್ತಬೇಕು. ಎರಡೂ ಹಳಿಗಳಿಗೆ ಆ ನಿಲ್ದಾಣ ಇಲ್ಲದಿದ್ದರೆ ದಾಟುವ ದಾರಿಯೇ ಇರುವುದಿಲ್ಲ.

ಕೇಳಲೆಂದೇ ಮಾಡಿದ ಭಾಷೆ

ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯ ಹೆಸರು ಎಸ್‌ಕ್ಯೂಎಲ್. ಐಬಿಎಮ್‌ನಲ್ಲೇ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಇದರ ಮೊದಲ ರೂಪವನ್ನು ಪ್ರಕಟಿಸಿದರು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಅದನ್ನು ಅಧಿಕೃತ ಮಾನಕವಾಗಿ ಒಪ್ಪಿತು. ಇದರ ವಾಕ್ಯಕ್ಕೆ ಮುಖ್ಯವಾಗಿ ಮೂರು ಅಂಗಗಳು: ‘ಸೆಲೆಕ್ಟ್’ ಎಂಬುದರ ಮುಂದೆ ಯಾವ ಕಾಲಂ ಬೇಕು, ‘ಫ್ರಮ್’ ಎಂಬುದರ ಮುಂದೆ ಯಾವ ಟೇಬಲಿನಿಂದ, ‘ವೇರ್’ ಎಂಬುದರ ಮುಂದೆ ಯಾವ ಷರತ್ತಿಗೆ ಒಳಪಟ್ಟು. ಹುಡುಕುವ ವಿಧಾನವನ್ನು ನಾವು ಹೇಳಬೇಕಿಲ್ಲ, ಏನು ಬೇಕೆಂದು ಹೇಳಿದರೆ ದಾರಿಯನ್ನು ಕಂಪ್ಯೂಟರೇ ಕಂಡುಕೊಳ್ಳುತ್ತದೆ.

ಇಷ್ಟು ಸರಳವಾಗಿದ್ದರೂ ಸಾಮಾನ್ಯ ಬಳಕೆದಾರ ಇದರಿಂದ ದೂರ ಉಳಿದದ್ದಕ್ಕೆ ಕಾರಣವಿದೆ. ಖಾಲಿ ಪರದೆಯ ಮುಂದೆ ಕುಳಿತವರಿಗೆ ಯಾವ ಟೇಬಲ್‌ಗಳಿವೆ, ಕಾಲಂನ ಹೆಸರನ್ನು ಹೇಗೆ ಬರೆಯಲಾಗಿದೆ, ಒಳಗೆ ಎಂಥ ಮೌಲ್ಯಗಳಿವೆ ಎಂಬ ಮೂರೂ ಮೊದಲೇ ಗೊತ್ತಿರಬೇಕು, ಜೊತೆಗೆ ಒಂದು ಅಲ್ಪವಿರಾಮ ತಪ್ಪಿದರೂ ವಾಕ್ಯ ನಿಂತುಹೋಗುತ್ತದೆ. ಚಿತ್ರಾತ್ಮಕ ಉಪಕರಣಗಳು ನೀಗಿಸಲು ಹೊರಟದ್ದು ಈ ಕೊರತೆಗಳನ್ನು: ನೆನಪಿನಲ್ಲಿಟ್ಟುಕೊಳ್ಳಬೇಕಾದ್ದನ್ನು ಅವು ಕಣ್ಣೆದುರಿಗೆ ಇಡುತ್ತವೆ.

ಖಾಲಿ ಚೌಕದಲ್ಲಿ ಉದಾಹರಣೆ

ಈ ದಿಕ್ಕಿನ ಮೊದಲ ದೊಡ್ಡ ಹೆಜ್ಜೆ ಇಟ್ಟವರು ಐಬಿಎಮ್‌ನ ಮತ್ತೊಬ್ಬ ಸಂಶೋಧಕ ಮೋಶೆ ಜ್ಲೂಫ್. 1975ರಲ್ಲಿ ಅವರು ಮಂಡಿಸಿದ ‘ಕ್ವೆರಿ ಬೈ ಎಕ್ಸಾಂಪಲ್’ ಎಂಬ ವಿಧಾನದಲ್ಲಿ ಪರದೆಯ ಮೇಲೆ ಟೇಬಲಿನ ಖಾಲಿ ಚೌಕಟ್ಟು ಮೂಡುತ್ತಿತ್ತು. ಬಳಕೆದಾರರು ತಮಗೆ ಬೇಕಾದ ಉತ್ತರ ಹೇಗಿರಬೇಕೆಂಬ ಮಾದರಿಯನ್ನು ಆಯಾ ಕಾಲಂನ ಕೆಳಗೆ ತುಂಬಬೇಕು; ತೋರಿಸಬೇಕಾದ ಕಾಲಂನಲ್ಲಿ ‘ಪಿ’ ಅಕ್ಷರವನ್ನೂ ಒಂದು ಚುಕ್ಕೆಯನ್ನೂ ಹಾಕಿದರೆ ಅದು ಅಚ್ಚಿಸಬೇಕೆಂಬ ಸೂಚನೆ. ಮೌಸ್ ಮನೆಮಾತಾಗುವ ಎಷ್ಟೋ ಮೊದಲಿನ ಕಾಲವದು. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನ ಕ್ವೆರಿ ವಿನ್ಯಾಸದ ಪರದೆ ಇದೇ ವಿಚಾರದ ವಂಶದ್ದು. ಇಂದಿಗೂ ಅನೇಕ ಸಣ್ಣ ಕಚೇರಿಗಳಲ್ಲಿ ಅದು ಬಳಕೆಯಲ್ಲಿದೆ, ಹಾಗಾಗಿ ಅದನ್ನೇ ಹತ್ತಿರದಿಂದ ನೋಡುವುದು ಒಳ್ಳೆಯದು.

ಆ ಪರದೆಯ ಮೇಲರ್ಧದಲ್ಲಿ ಟೇಬಲ್‌ಗಳು ಪುಟ್ಟ ಪೆಟ್ಟಿಗೆಗಳಾಗಿ ಕಾಣುತ್ತವೆ, ಅವುಗಳ ನಡುವೆ ಸದಸ್ಯತ್ವ ಸಂಖ್ಯೆಯಿಂದ ಸದಸ್ಯತ್ವ ಸಂಖ್ಯೆಗೆ ಒಂದು ಗೆರೆ. ಆ ಗೆರೆಯೇ ಜಾಯಿನ್. ಕೆಳಗರ್ಧದಲ್ಲಿ ಚೌಕಗಳ ಜಾಲ: ಒಂದು ಸಾಲಿನಲ್ಲಿ ಕಾಲಂನ ಹೆಸರು, ಅದರ ಕೆಳಗೆ ಟೇಬಲ್, ಅದರ ಕೆಳಗೆ ವಿಂಗಡಣೆಯ ಕ್ರಮ, ತೋರಿಸಬೇಕೇ ಬೇಡವೇ ಎಂಬ ಗುರುತು, ಅನಂತರ ‘ಕ್ರೈಟೀರಿಯಾ’ ಎಂಬ ಷರತ್ತಿನ ಸಾಲು, ಅದರ ಕೆಳಗೆ ‘ಆರ್’ ಎಂಬ ಇನ್ನೊಂದು ಸಾಲು. ಷರತ್ತುಗಳನ್ನು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬರೆದರೆ ಅವೆಲ್ಲವೂ ಒಟ್ಟಿಗೆ ಸತ್ಯವಾಗಿರಬೇಕು. ಮೇಲೆ-ಕೆಳಗೆ ಬರೆದರೆ ಯಾವುದಾದರೂ ಒಂದು ಸತ್ಯವಾದರೆ ಸಾಕು.

ಈ ನಿಯಮ ಓದಲು ಸುಲಭ, ಬಳಸುವಾಗ ಜಾರುತ್ತದೆ. ಕಲ್ಯಾಣ್ ಅಥವಾ ಡೊಂಬಿವಲಿಯಲ್ಲಿದ್ದು ಆಜೀವ ಸದಸ್ಯರಾದವರ ಯಾದಿ ಬೇಕೆಂದುಕೊಳ್ಳಿ. ಊರಿನ ಕೆಳಗೆ ‘ಕಲ್ಯಾಣ್’, ಅದೇ ಸಾಲಿನಲ್ಲಿ ಸದಸ್ಯತ್ವದ ಬಗೆಯ ಕೆಳಗೆ ‘ಆಜೀವ’, ಆಮೇಲೆ ‘ಆರ್’ ಸಾಲಿನಲ್ಲಿ ‘ಡೊಂಬಿವಲಿ’ ಎಂದು ಬರೆದು ಓಡಿಸಿದರೆ ಕಲ್ಯಾಣ್‌ನ ಆಜೀವ ಸದಸ್ಯರ ಜೊತೆಗೆ ಡೊಂಬಿವಲಿಯ ಸಮಸ್ತ ಸದಸ್ಯರೂ ಬಂದು ಕುಳಿತುಬಿಡುತ್ತಾರೆ. ಎರಡನೆಯ ಸಾಲಿನಲ್ಲೂ ‘ಆಜೀವ’ ಎಂದು ಮತ್ತೊಮ್ಮೆ ತುಂಬಬೇಕಿತ್ತು. ಪರದೆಯಲ್ಲಿ ಯಾವ ಎಚ್ಚರಿಕೆಯೂ ಮೂಡುವುದಿಲ್ಲ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಅದೂ ಒಂದು ಸರಿಯಾದ ಪ್ರಶ್ನೆಯೇ.

ಇಲ್ಲದ್ದನ್ನು ಹುಡುಕುವ ಕಷ್ಟ

ಅಧ್ಯಕ್ಷರ ಪ್ರಶ್ನೆಗೆ ಮರಳೋಣ. ಕಟ್ಟಿದವರ ಯಾದಿಯನ್ನು ಯಾವ ಉಪಕರಣವಾದರೂ ಕ್ಷಣದಲ್ಲಿ ಕೊಡುತ್ತದೆ. ಕಟ್ಟದವರನ್ನು ಹುಡುಕುವುದು ಬೇರೆ ಬಗೆಯ ಕೆಲಸ, ಏಕೆಂದರೆ ಕಟ್ಟದವರಿಗೆ ರಸೀದಿಯೇ ಇರುವುದಿಲ್ಲ, ರಸೀದಿ ಇಲ್ಲದ ಮೇಲೆ ‘ವಂತಿಗೆ’ ಟೇಬಲಿನಲ್ಲಿ ಅವರ ಸಾಲೂ ಇರುವುದಿಲ್ಲ. ಎರಡು ಪೆಟ್ಟಿಗೆಗಳ ನಡುವಿನ ಸಾಮಾನ್ಯ ಗೆರೆ ಎರಡೂ ಕಡೆ ಜೋಡಿ ಸಿಕ್ಕಿದ ಸಾಲುಗಳನ್ನು ಮಾತ್ರ ತೋರಿಸುತ್ತದೆ. ಜೋಡಿ ಇಲ್ಲದವರು ಉತ್ತರದಿಂದ ಮಾಯವಾಗುತ್ತಾರೆ.

ಆಕ್ಸೆಸ್‌ನಲ್ಲಿ ಆ ಗೆರೆಯ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಮೂರು ಆಯ್ಕೆಗಳಿರುವ ಪುಟ್ಟ ಪೆಟ್ಟಿಗೆ ತೆರೆಯುತ್ತದೆ. ‘ಸದಸ್ಯರು’ ಟೇಬಲಿನ ಎಲ್ಲ ಸಾಲುಗಳನ್ನೂ ಇಟ್ಟುಕೊಂಡು, ಜೋಡಿ ಸಿಕ್ಕರೆ ಮಾತ್ರ ‘ವಂತಿಗೆ’ಯ ವಿವರ ಸೇರಿಸು ಎಂಬ ಆಯ್ಕೆಯನ್ನು ಒತ್ತಿದರೆ ಗೆರೆಯ ತುದಿಗೆ ಬಾಣ ಮೂಡುತ್ತದೆ. ಇದಕ್ಕೆ ಲೆಫ್ಟ್ ಜಾಯಿನ್ ಎಂದು ಹೆಸರು. ಜೋಡಿ ಸಿಗದವರ ಎದುರು ರಸೀದಿ ಸಂಖ್ಯೆಯ ಜಾಗ ಖಾಲಿಯಾಗಿರುತ್ತದೆ. ಆ ಖಾಲಿತನಕ್ಕೆ ಡೇಟಾಬೇಸಿನವರು ನಲ್ ಎನ್ನುತ್ತಾರೆ. ರಸೀದಿ ಸಂಖ್ಯೆಯ ಕೆಳಗೆ ‘ಈಸ್ ನಲ್’ ಎಂಬ ಷರತ್ತು ಹಾಕಿದರೆ ಕಟ್ಟದವರು ಸಿಗಬೇಕು.

ಸಿಗುವವರು ಒಮ್ಮೆಯೂ ವಂತಿಗೆ ಕಟ್ಟದವರು ಮಾತ್ರ. ಹೋದ ವರ್ಷ ಕಟ್ಟಿ ಈ ವರ್ಷ ಕಟ್ಟದವರಿಗೆ ಟೇಬಲಿನಲ್ಲಿ ಹೋದ ವರ್ಷದ ರಸೀದಿ ಇದ್ದೇ ಇದೆ, ಹಾಗಾಗಿ ಅವರ ಜಾಗ ಖಾಲಿಯಲ್ಲ. ಸರಿ, ದಿನಾಂಕದ ಕೆಳಗೆ ಈ ವರ್ಷದ ಷರತ್ತನ್ನೂ ಸೇರಿಸೋಣವೆಂದರೆ ಫಲಿತಾಂಶ ಪೂರ್ತಿ ಬರಿದಾಗುತ್ತದೆ: ರಸೀದಿಯೇ ಇಲ್ಲದವರಿಗೆ ದಿನಾಂಕ ಎಲ್ಲಿಂದ ಬರಬೇಕು? ಸರಿಯಾದ ದಾರಿ ಎರಡು ಹಂತದ್ದು. ಮೊದಲು ಈ ವರ್ಷದ ರಸೀದಿಗಳನ್ನಷ್ಟೇ ಆರಿಸಿ ಒಂದು ಕ್ವೆರಿಯಾಗಿ ಉಳಿಸಿಕೊಳ್ಳಬೇಕು. ಆಮೇಲೆ ‘ಸದಸ್ಯರು’ ಟೇಬಲಿನಿಂದ ಆ ಉಳಿಸಿದ ಕ್ವೆರಿಗೆ ಬಾಣದ ಗೆರೆ ಎಳೆದು ಖಾಲಿ ಉಳಿದವರನ್ನು ಹುಡುಕಬೇಕು. ಆಕ್ಸೆಸ್‌ನಲ್ಲಿ ಜೋಡಿ ಇಲ್ಲದ ಸಾಲುಗಳನ್ನು ಹುಡುಕಿಕೊಡುವ ‘ಫೈಂಡ್ ಅನ್‌ಮ್ಯಾಚ್ಡ್’ ಎಂಬ ಸಹಾಯಕ ಇದೆ, ಆದರೆ ಮೊದಲ ಹಂತವನ್ನು ಅದಕ್ಕೂ ನಾವೇ ಮಾಡಿಕೊಡಬೇಕು. ವಂತಿಗೆ ಕಟ್ಟಿದವರ ಮನೆಗೆ ಬಾಕಿಯ ನೆನಪೋಲೆ ಹೋಗಿ ಆಗುವ ಮುಜುಗರಗಳ ಮೂಲ ಇಂಥ ಕಡೆ ಇರುವುದೇ ಹೆಚ್ಚೆಂದು ನನ್ನ ಅಂದಾಜು.

ಎಳೆದಂತೆ ಬದಲಾಗುವ ಉತ್ತರ

ಚೌಕ ತುಂಬುವ ಬಗೆಯಲ್ಲಿ ಪ್ರಶ್ನೆ ಮೊದಲು, ಉತ್ತರ ಆಮೇಲೆ. ಏನು ಕೇಳಬೇಕೆಂದೇ ಸ್ಪಷ್ಟವಿಲ್ಲದಾಗ ಇದು ಒದಗುವುದಿಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ ಮತ್ತು ಅವರ ವಿದ್ಯಾರ್ಥಿಗಳು 1990ರ ದಶಕದ ಆರಂಭದಲ್ಲಿ ಇನ್ನೊಂದು ದಾರಿ ತೋರಿಸಿದರು. ಅವರ ‘ಹೋಮ್‌ಫೈಂಡರ್’ ಎಂಬ ಪ್ರಯೋಗದಲ್ಲಿ ವಾಷಿಂಗ್ಟನ್ ನಗರದ ನಕ್ಷೆಯ ಮೇಲೆ ಮಾರಾಟಕ್ಕಿರುವ ಮನೆಗಳು ಚುಕ್ಕೆಗಳಾಗಿ ಹೊಳೆಯುತ್ತಿದ್ದವು. ಪಕ್ಕದಲ್ಲಿ ಬೆಲೆ, ಕೋಣೆಗಳ ಸಂಖ್ಯೆ, ಕೆಲಸದ ಜಾಗದಿಂದ ಇರುವ ದೂರ ಇವುಗಳಿಗೆ ಎಳೆಯುವ ಪಟ್ಟಿಗಳು. ಪಟ್ಟಿಯನ್ನು ಸರಿಸುತ್ತಿದ್ದಂತೆ ಷರತ್ತಿಗೆ ಹೊಂದದ ಚುಕ್ಕೆಗಳು ಆರಿಹೋಗುತ್ತಿದ್ದವು. ಬದಲಾವಣೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಕಾಣಿಸಬೇಕು, ಆಗ ಮಾತ್ರ ಕೈ ಮತ್ತು ಕಣ್ಣು ಒಟ್ಟಿಗೆ ಯೋಚಿಸುತ್ತವೆ ಎಂಬುದು ಅವರ ಒತ್ತು. ಮೊದಲು ಇಡೀ ನೋಟ, ಆಮೇಲೆ ಹತ್ತಿರ ಹೋಗಿ ಜರಡಿ ಹಿಡಿಯುವುದು, ಕೇಳಿದಾಗ ವಿವರ ಎಂಬ ಕ್ರಮವನ್ನು ಅವರು 1996ರಲ್ಲಿ ಸೂತ್ರರೂಪದಲ್ಲಿ ಬರೆದರು. ಮುಂಬಯಿಯಲ್ಲಿ ಬಾಡಿಗೆ ಮನೆಗಾಗಿ ಫೋನಿನಲ್ಲಿ ಬೆಲೆಯ ಗೆರೆಯನ್ನು ಎಳೆದಾಡುವ ಪ್ರತಿಯೊಬ್ಬರೂ ಈಗ ಇದನ್ನೇ ಬಳಸುತ್ತಿದ್ದಾರೆ.

ಅಂಥ ತಾಣಗಳ ಎಡಬದಿಯಲ್ಲಿ ಕಾಣುವ ಪ್ರದೇಶ, ಬಗೆ, ಬೆಲೆ, ವರ್ಷ ಎಂಬ ಆಯ್ಕೆಗಳ ಗುಂಪಿಗೆ ಫ್ಯಾಸೆಟ್ ಎನ್ನುತ್ತಾರೆ. ಇದರ ಹಿಂದಿನ ವಿಚಾರ ಗ್ರಂಥಾಲಯ ವಿಜ್ಞಾನದ್ದು, ಅದರಲ್ಲೂ ಎಸ್. ಆರ್. ರಂಗನಾಥನ್ ಅವರದು. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ, ಪುಸ್ತಕವನ್ನು ಒಂದೇ ಮರದ ಒಂದೇ ಕೊಂಬೆಗೆ ಕಟ್ಟಿಹಾಕದೆ, ವಿಷಯ, ದೇಶ, ಕಾಲ ಮೊದಲಾದ ಹಲವು ಮುಖಗಳಿಂದ ಗುರುತಿಸುತ್ತಿತ್ತು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದಾಖಲಾತಿ ಸಂಶೋಧನಾ ಮತ್ತು ತರಬೇತಿ ಕೇಂದ್ರ ಇಂದಿಗೂ ಇದೆ. ಖರೀದಿ ತಾಣದಲ್ಲಿ ಕುರ್ತಾದ ಬಣ್ಣ ಮತ್ತು ಅಳತೆಯನ್ನು ಬೇರೆ ಬೇರೆಯಾಗಿ ಆರಿಸುವವರಿಗೆ ಇದರ ಬೇರು ಇಲ್ಲಿಯದೆಂದು ಯಾರೂ ಹೇಳಿರುವುದಿಲ್ಲ.

ಇಲ್ಲಿ ಗಮನಿಸಬೇಕಾದ ರೂಢಿಯೊಂದಿದೆ. ಒಂದೇ ಫ್ಯಾಸೆಟ್‌ನೊಳಗೆ ಎರಡು ಗುರುತು ಹಾಕಿದರೆ ಸಾಮಾನ್ಯವಾಗಿ ‘ಇದು ಅಥವಾ ಅದು’ ಎಂದೂ, ಎರಡು ಬೇರೆ ಫ್ಯಾಸೆಟ್‌ಗಳಲ್ಲಿ ಹಾಕಿದರೆ ‘ಇದೂ ಅದೂ’ ಎಂದೂ ಅರ್ಥ. ಆಕ್ಸೆಸ್‌ನ ಚೌಕದಲ್ಲಿ ಎಡವಿಸಿದ ಕಲ್ಯಾಣ್-ಡೊಂಬಿವಲಿ ಪ್ರಶ್ನೆ ಇಲ್ಲಿ ಮೂರು ಗುರುತುಗಳಲ್ಲಿ ಮುಗಿಯುತ್ತದೆ.

ಕಾಗುಣಿತ ಕಣ್ಣಿಗೆ ಬೀಳುವುದು

ಫ್ಯಾಸೆಟ್‌ನ ಇನ್ನೊಂದು ಉಪಕಾರ ಅನಿರೀಕ್ಷಿತವಾದದ್ದು. ಊರಿನ ಪಟ್ಟಿಯನ್ನು ತೆರೆದ ಕೂಡಲೇ ‘ಡೊಂಬಿವಲಿ’, ‘ಡೋಂಬಿವಲಿ’, ‘ಡೊಂಬಿವ್ಲಿ’ ಎಂಬ ಮೂರು ಊರುಗಳು ಒಂದರ ಕೆಳಗೊಂದು ಕಾಣುತ್ತವೆ, ಪ್ರತಿಯೊಂದರ ಪಕ್ಕದಲ್ಲೂ ಅಲ್ಲಿನ ಸದಸ್ಯರ ಸಂಖ್ಯೆ ಇರುತ್ತದೆ. ಕ್ವೆರಿ ಬರೆಯುವವರು ಒಂದು ಕಾಗುಣಿತವನ್ನು ಟೈಪ್ ಮಾಡಿ ಉಳಿದ ಎರಡನ್ನು ಬಿಟ್ಟೇಬಿಡುತ್ತಿದ್ದರು. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಿಂದಲೂ ಹೆಸರುಗಳು ಬಂದು ಬೀಳುವ ಮುಂಬಯಿಯ ಯಾದಿಗಳಲ್ಲಿ ಇದು ತಪ್ಪಿದ್ದಲ್ಲ. ಅಕ್ಷರಗಳನ್ನು ಸಂಕೇತಗಳಾಗಿ ಉಳಿಸುವ ಯೂನಿಕೋಡ್ ಪದ್ಧತಿಯಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಬಲೆಯಿದೆ: ‘ಡೋ’ದಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿಯೂ ಉಳಿಸಬಹುದು, ಬಿಡಿ ಭಾಗಗಳ ಸರಣಿಯಾಗಿಯೂ ಉಳಿಸಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿ ನೋಡುವ ಯಂತ್ರಕ್ಕೆ ಬೇರೆ ಬೇರೆ. ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಒಂದೇ ರೀತಿ ಕಾಣುವ ಎರಡು ‘ಡೋಂಬಿವಲಿ’ಗಳು ಎದುರಾದರೆ ಕಾರಣ ಬಹುಶಃ ಇದೇ. ಓಪನ್‌ರಿಫೈನ್ ಎಂಬ ಉಚಿತ ಉಪಕರಣ ಹತ್ತಿರದ ಕಾಗುಣಿತಗಳನ್ನು ಗುಂಪು ಮಾಡಿ ತೋರಿಸಿ, ನಮ್ಮ ಒಪ್ಪಿಗೆ ಪಡೆದು ಒಂದಾಗಿಸುತ್ತದೆ.

ಚಿತ್ರವೇ ಕ್ವೆರಿಯಾದಾಗ

ಮೂರನೆಯ ಬಗೆಯಲ್ಲಿ ಉತ್ತರ ಯಾದಿಯಾಗಿ ಬರದೆ ನೇರವಾಗಿ ಚಿತ್ರವಾಗಿ ಬರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಸ್ಟೋಲ್ಟ್, ಡಯಾನ್ ಟ್ಯಾಂಗ್ ಮತ್ತು ಪ್ಯಾಟ್ ಹ್ಯಾನ್ರಹನ್ ರೂಪಿಸಿದ ‘ಪೊಲಾರಿಸ್’ ಇದರ ಮುಖ್ಯ ಮೂಲ. 2003ರಲ್ಲಿ ಅದರಿಂದಲೇ ಟ್ಯಾಬ್ಲೋ ಎಂಬ ಕಂಪನಿ ಹುಟ್ಟಿತು. ಅದರ ಸಾಫ್ಟ್‌ವೇರಿನಲ್ಲಿ ‘ಊರು’ ಎಂಬ ಕಾಲಂನ ಹೆಸರನ್ನು ಎಳೆದು ಅಡ್ಡಸಾಲಿಗೆ ಹಾಕಿ, ‘ಮೊತ್ತ’ವನ್ನು ಲಂಬಸಾಲಿಗೆ ಹಾಕಿದರೆ ಊರಿಗೊಂದು ಕಂಬ ಎದ್ದು ನಿಲ್ಲುತ್ತದೆ. ಪರದೆಯ ಹಿಂದೆ ನಡೆದದ್ದು ಊರಿನ ಪ್ರಕಾರ ಗುಂಪು ಮಾಡಿ ಮೊತ್ತ ಕೂಡಿಸು ಎಂಬ ಎಸ್‌ಕ್ಯೂಎಲ್ ವಾಕ್ಯ. ಎಕ್ಸೆಲ್‌ನ ಪಿವಟ್ ಟೇಬಲ್ ಬಳಸಿದವರಿಗೆ ಈ ಎಳೆದು ಹಾಕುವ ಆಟ ಹೊಸದೇನಲ್ಲ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಒಂದೇ ಅಳತೆಗೆರೆಯ ಮೇಲಿನ ಸ್ಥಾನಗಳನ್ನು ನಮ್ಮ ಕಣ್ಣು ಚೆನ್ನಾಗಿ ಹೋಲಿಸುತ್ತದೆ, ಕೋನ ಮತ್ತು ವಿಸ್ತೀರ್ಣವನ್ನು ಅಷ್ಟು ಚೆನ್ನಾಗಿ ಹೋಲಿಸಲಾರದು. ವಾರ್ಷಿಕ ವರದಿಯಲ್ಲಿ ಬಣ್ಣಬಣ್ಣದ ದುಂಡು ಚಿತ್ರಕ್ಕಿಂತ ಸಾದಾ ಕಂಬಗಳೇ ಮೇಲೆಂದು ನಾನು ಹೇಳುವುದು ಇದಕ್ಕೇ.

ಇಲ್ಲಿನ ದೊಡ್ಡ ಅಪಾಯ ಕಂಬದ ಎತ್ತರದಲ್ಲಿ ಅಡಗಿರುತ್ತದೆ. ಒಬ್ಬ ಸದಸ್ಯರು 500 ರೂಪಾಯಿಯ ಮೂರು ರಸೀದಿ ಪಡೆದಿದ್ದಾರೆ, ಅವರ ಇಬ್ಬರು ಮಕ್ಕಳಿಗೆ ವಿದ್ಯಾರ್ಥಿವೇತನ ಸಿಕ್ಕಿದೆ ಎಂದುಕೊಳ್ಳಿ. ಮೂರು ಟೇಬಲ್‌ಗಳನ್ನೂ ಸದಸ್ಯತ್ವ ಸಂಖ್ಯೆಯಿಂದ ಒಮ್ಮೆಗೇ ಕೂಡಿಸಿದರೆ ಪ್ರತಿ ರಸೀದಿಯೂ ಪ್ರತಿ ಮಗುವಿನ ಜೊತೆ ಜೋಡಿಯಾಗಿ 6 ಸಾಲುಗಳಾಗುತ್ತವೆ. ವಂತಿಗೆಯ ಮೊತ್ತ ಕೂಡಿಸಿದರೆ 1,500ರ ಬದಲು 3,000 ರೂಪಾಯಿ. ಕಂಬ ಸುಂದರವಾಗಿಯೇ ಮೂಡಿರುತ್ತದೆ, ಲೆಕ್ಕ ಇಮ್ಮಡಿಯಾಗಿರುತ್ತದೆ. ಮಕ್ಕಳಿಲ್ಲದ ಅಥವಾ ವೇತನ ಪಡೆಯದ ಸದಸ್ಯರಂತೂ ಸಾಮಾನ್ಯ ಜಾಯಿನ್‌ನಲ್ಲಿ ಉದುರಿಯೇ ಹೋಗಿರುತ್ತಾರೆ. ಪ್ರತಿ ಟೇಬಲಿನ ಮೊತ್ತವನ್ನು ಪ್ರತ್ಯೇಕವಾಗಿ ಸದಸ್ಯರಿಗೊಂದು ಸಾಲಾಗಿ ಕೂಡಿಸಿಕೊಂಡು ಆಮೇಲೆ ಜೋಡಿಸುವುದು ಇದಕ್ಕೆ ಪರಿಹಾರ. ಖಜಾಂಚಿಯ ಬಳಿ ಇರುವ ಬ್ಯಾಂಕಿನ ಒಟ್ಟು ಮೊತ್ತಕ್ಕೆ ಕಂಬಗಳ ಒಟ್ಟು ಮೊತ್ತ ತಾಳೆಯಾಗುತ್ತದೆಯೇ ಎಂದು ನೋಡಿದರೆ ತಪ್ಪು ಕೂಡಲೇ ಹೊರಬೀಳುತ್ತದೆ.

ಯಾವುದನ್ನು ಬಳಸಬಹುದು, ಯಾರು ಏನು ನೋಡಬಹುದು

ಸಣ್ಣ ಸಂಸ್ಥೆಗೆ ಲಿಬ್ರೆಆಫೀಸ್ ಬೇಸ್ ಉಚಿತವಾಗಿ ಸಿಗುತ್ತದೆ, ಚೌಕ ತುಂಬುವ ವಿನ್ಯಾಸ ಅದರಲ್ಲೂ ಇದೆ. ಮಾಹಿತಿ ಸರ್ವರಿನಲ್ಲಿದ್ದರೆ ಮೆಟಾಬೇಸ್ ಅಥವಾ ಅಪಾಚೆ ಸೂಪರ್‌ಸೆಟ್‌ನ ಮುಕ್ತ ಆವೃತ್ತಿಗಳನ್ನು ಹಾಕಿಕೊಳ್ಳಬಹುದು. ಕೊಳ್ಳುವಾಗ ನಾನು ಮೊದಲು ನೋಡುವುದು ಒಂದೇ ಗುಣ: ಚಿತ್ರದಿಂದ ಕಟ್ಟಿದ ಪ್ರಶ್ನೆಯ ಎಸ್‌ಕ್ಯೂಎಲ್ ವಾಕ್ಯವನ್ನು ಅದು ತೋರಿಸುತ್ತದೆಯೇ? ಆಕ್ಸೆಸ್ ಮತ್ತು ಮೆಟಾಬೇಸ್ ಎರಡೂ ತೋರಿಸುತ್ತವೆ. ಬರೆಯಲು ಬಾರದವರೂ ಅದನ್ನು ಬಲ್ಲವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ‘ಇದು ಸರಿಯಾ?’ ಎಂದು ಕೇಳಬಹುದು.

ಉಪಕರಣಕ್ಕೆ ಡೇಟಾಬೇಸಿನ ಬೀಗದ ಕೈ ಕೊಡುವಾಗ ಓದಲು ಮಾತ್ರ ಅನುಮತಿಯಿರುವ ಖಾತೆಯನ್ನು ಕೊಡಬೇಕು, ಆಗ ಯಾರ ಕೈ ತಪ್ಪಿದರೂ ದಾಖಲೆ ಅಳಿಯುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಮನೆಯ ವರಮಾನ, ಮಕ್ಕಳ ಹೆಸರು, ಅಂಕಗಳಿರುತ್ತವೆ. ಎಳೆದು ಹಾಕಿ ನೋಡುವ ಸೌಲಭ್ಯ ಬಂದಮೇಲೆ ಕುತೂಹಲಕ್ಕೂ ಯಾರಾದರೂ ನೋಡಿಬಿಡಬಹುದು. ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗಾಗಿ ದೇಶದಲ್ಲಿ 2023ರ ಕಾಯ್ದೆಯಿದೆ, ಮಕ್ಕಳ ಮಾಹಿತಿಯ ಬಗ್ಗೆ ಅದರಲ್ಲಿ ಪ್ರತ್ಯೇಕ ಕಟ್ಟುಪಾಡುಗಳೂ ಇವೆ. ಬೇಕಾದ ಕಾಲಂಗಳನ್ನಷ್ಟೇ ತೋರಿಸುವ ‘ವ್ಯೂ’ ಎಂಬ ವ್ಯವಸ್ಥೆ ಬಹುತೇಕ ಎಲ್ಲ ಡೇಟಾಬೇಸ್‌ಗಳಲ್ಲೂ ಸಿಗುತ್ತದೆ. ಸಮಿತಿಯ ಸದಸ್ಯರಿಗೆ ಮೂಲ ಟೇಬಲಿನ ಬದಲು ಅದನ್ನು ಕೊಡುವುದು ಕ್ಷೇಮ.

ಮಾತಿನಲ್ಲೇ ಕೇಳುವುದು

ಈಗ ಪ್ರಶ್ನೆಯನ್ನು ಆಡುಮಾತಿನಲ್ಲಿ ಬರೆದರೆ ಎಐ ತಾನೇ ಎಸ್‌ಕ್ಯೂಎಲ್ ರಚಿಸಿಕೊಡುವ ಸೌಲಭ್ಯವೂ ಬಂದಿದೆ. ಚೌಕ ತುಂಬುವ ಶ್ರಮವೂ ತಪ್ಪಿತು. ಆದರೆ ‘ಈ ವರ್ಷ’ ಎಂದರೆ ಜನವರಿಯಿಂದಲೋ ಏಪ್ರಿಲ್‌ನಿಂದಲೋ? ಮಾತಿನ ಪ್ರಶ್ನೆಯಲ್ಲಿ ಯಂತ್ರ ಎರಡರಲ್ಲಿ ಒಂದನ್ನು ತಾನೇ ಊಹಿಸಿ ಮುಂದೆ ಹೋಗಿಬಿಡಬಹುದು, ಚಿತ್ರಾತ್ಮಕ ಪರದೆಯಲ್ಲಿ ದಿನಾಂಕದ ಪಟ್ಟಿಯ ಎರಡು ತುದಿಗಳು ಕಣ್ಣಿಗೆ ಕಾಣುತ್ತಿರುತ್ತವೆ. ವಂತಿಗೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಎಂದು ಸಂಘದ ನಿಯಮಾವಳಿಯಲ್ಲಿ ಬರೆದಿದ್ದರೂ ಡೇಟಾಬೇಸಿಗೆ ಅದನ್ನು ಯಾರೂ ಹೇಳಿರುವುದಿಲ್ಲ. ‘ವಂತಿಗೆ’ ಟೇಬಲಿಗೆ ‘ಆರ್ಥಿಕ ವರ್ಷ’ ಎಂಬ ಒಂದು ಕಾಲಂ ಸೇರಿಸಿ ಪ್ರತಿ ರಸೀದಿಯ ಎದುರು ತುಂಬಿಸಿಟ್ಟರೆ, ಚೌಕದಲ್ಲಿ ಕೇಳಿದರೂ ಫ್ಯಾಸೆಟ್‌ನಲ್ಲಿ ಆರಿಸಿದರೂ ಮಾತಿನಲ್ಲಿ ಕೇಳಿದರೂ ಅಧ್ಯಕ್ಷರಿಗೆ ಒಂದೇ ಯಾದಿ ಸಿಗುವ ಸಾಧ್ಯತೆ ಹೆಚ್ಚು.